ಸಾಹೇಬರ ಜೇಬಿಗೆ ಹೋದ ಚೆಂಡು ಹೂವು

ಮೊನ್ನೆ ಕುಕ್ಕರಿಗೆ ಹೊಸ ರಬ್ಬರು ತಂದೆ. ಪ್ಯಾಕೆಟ್ಟು ಹರಿದ ಕೂಡಲೇ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ನಮ್ಮ ಮೇಲಿನ ಮನೆಯ ಸಾಹೇಬರ ನೆನಪು ಬಂತು, ಕರೆಯದೆ. ಬದುಕಿದ್ದಾಗಲೂ ಅವರು ಹಾಗೆಯೇ ಬರುತ್ತಿದ್ದರು, ಸರಿಯಾಗಿ ಚಹಾದ ಹೊತ್ತಿಗೆ...

ಆಗ ನಮ್ಮ ಯಜಮಾನರು ಸರಕಾರದ ಬೆಂಬಲದಿಂದ ನಡೆಯುವ ಒಂದು ಕಂಪನಿಯಲ್ಲಿ ಫಿಟ್ಟರ್ ಆಗಿದ್ದರು. ಸಮುದ್ರದ ಆಳದಲ್ಲಿ ಕೂತು ಸದ್ದು ಆಲಿಸುವ ಯಂತ್ರಗಳನ್ನು ಅಲ್ಲಿ ಮಾಡುತ್ತಿದ್ದರು. ಊರಿಂದ ಬಂದಾಗಲೆಲ್ಲ ನಮ್ಮತ್ತೆ, "ಪುಣೆದಾಗ ಸಮುದ್ರ ಎಲ್ಲದನೋ? ಮುಠಾ ಹೊಳ್ಯಾಗ ಕಪ್ಪಿ ಒದರೂದು ಕೇಳ್ತೀರೇನು?" ಎಂದು ಮಗನನ್ನು ಕಾಡುತ್ತಿದ್ದರು. "ಸಮುದ್ರ ಇಲ್ಲವ್ವ, ದೊಡ್ಡ ತೊಟ್ಟಿ ಅದ" ಎಂದು ಇವರು ನಗುತ್ತಿದ್ದರು. ಆ ತೊಟ್ಟಿಯಲ್ಲಿ ಯಂತ್ರವನ್ನು ಮುಳುಗಿಸಿ, ನೀರಿನ ಒತ್ತಡ ಏರಿಸಿ, ಸೋರುತ್ತದೆಯೇ ಎಂದು ನೋಡುವುದು. ಉಕ್ಕಿನ ಡಬ್ಬಿ, ಅದಕ್ಕೊಂದು ಮುಚ್ಚಳ, ನಡುವೆ ರಬ್ಬರಿನ ಬಳೆ. ಆ ಬಳೆಯನ್ನು ಕೂರಿಸುವುದು ಇವರ ಕೆಲಸ. ಬೆರಳಿಗೆ ಗ್ರೀಸು ಹಚ್ಚಿ, ಕಣ್ಣು ಮುಚ್ಚಿ, ಸುತ್ತಲೂ ಸವರಿ ನೋಡುತ್ತಿದ್ದರಂತೆ. ಒಂದು ಕೂದಲು ಸಿಕ್ಕಿಕೊಂಡರೂ ನೀರು ದಾರಿ ಹುಡುಕುತ್ತದೆ. ಒಮ್ಮೆ ಮುಚ್ಚಿದ ಡಬ್ಬಿಯನ್ನು ತೆರೆದರೆ ಹೊಸ ಬಳೆಯನ್ನೇ ಹಾಕಬೇಕು. ನನಗೆ ಏಕಾದಶಿ ಹೇಗೋ ಅವರಿಗೆ ಈ ನೇಮ ಹಾಗೆ.

ಸಾಹೇಬರು ಆ ವಿಭಾಗದ ಮುಖ್ಯಸ್ಥರು. ನಮ್ಮ ಕಡೆಯವರೇ. ಕೆಲಸವಿದ್ದಾಗ ಕನ್ನಡ, ಇಲ್ಲದಾಗ ಮರಾಠಿ. ಲಿಫ್ಟಿನಲ್ಲಿ ಜೊತೆಗೆ ದೊಡ್ಡವರಿದ್ದರೆ ನಮ್ಮ ಗುರುತೇ ಹತ್ತುತ್ತಿರಲಿಲ್ಲ. ಉಗುರುಗಳೋ, ಮದುಮಗನ ಉಗುರಿನಷ್ಟು ಸ್ವಚ್ಛ.

ಆ ವರ್ಷ ದಿಲ್ಲಿಯ ಅಧಿಕಾರಿಗಳು ಹೊಸ ಯಂತ್ರದ ಪರೀಕ್ಷೆ ನೋಡಲು ಬರುವವರಿದ್ದರು. ಹಿಂದಿನ ದಿನ ಸಂಜೆ ಸಾಹೇಬರು ನಮ್ಮ ಬಾಗಿಲಿಗೆ ಬಂದು, "ವೈನಿ, ನಿಮ್ಮ ಕೈಲೆ ಕಟ್ಟಿದ ಮಾಲಿನೇ ಬೇಕ್ರಿ. ಪ್ಯಾಟ್ಯಾಗಿಂದು ಬ್ಯಾಡ. ಮಶೀನಿಗೆ ಪೂಜಾ ಅದ" ಎಂದರು. ಕುಂಕುಮ, ಹೂವು, ತೆಂಗಿನಕಾಯಿ ಇಲ್ಲದೆ ಅಲ್ಲಿ ಯಾವ ಯಂತ್ರವೂ ನೀರಿಗಿಳಿಯುತ್ತಿರಲಿಲ್ಲ. ಪೂಜೆ ಮುಗಿಸಿ, ಹೂವೆಲ್ಲ ತೆಗೆದು, ಆಮೇಲೆ ಇಳಿಸುವುದು ರೂಢಿ. ವಿಠ್ಠಲನ ನಾಮ ಹೇಳುತ್ತ ಚೆಂಡು ಹೂವಿನ ಮಾಲೆ ಕಟ್ಟಿದೆ. ಹೆಮ್ಮೆಯೂ ಆಗಿತ್ತು, ಸುಳ್ಳೇಕೆ ಹೇಳಲಿ.

ಮರುದಿನ ನಡೆದದ್ದು ಇವರು ಹೇಳಿದ್ದು. ಡಬ್ಬಿ ಮುಚ್ಚಿ ಸಿದ್ಧವಾಗಿತ್ತು, ಪೂಜೆಯೂ ಆಗಿತ್ತು. ಒಳಗೇನಿದೆ ನೋಡೋಣ ಎಂದು ದಿಲ್ಲಿಯವರೊಬ್ಬರು ಕೇಳಿದರು. ಆಗದು ಎನ್ನುವ ಅಧಿಕಾರ ಸಾಹೇಬರಿಗಿತ್ತು, ಬೆನ್ನೆಲುಬು ಇರಲಿಲ್ಲ. ಬಿಳಿ ಕೈಗವಸು ತರಿಸಿ ಹಾಕಿಕೊಂಡು ತಾವೇ ಮುಚ್ಚಳ ತೆಗೆದು ತೋರಿಸಿದರು, ಫೋಟೋ ತೆಗೆಸಿಕೊಂಡರು, ತಾವೇ ಮುಚ್ಚಿದರು. ಮಾಲೆ ಇನ್ನೂ ಡಬ್ಬಿಯ ಕೊರಳಲ್ಲೇ ಇತ್ತು.

"ಸಾಹೇಬ್ರ, ಹೊಸಾ ರಿಂಗ್ ಹಾಕ್ತೀನ್ರಿ. ಹತ್ತು ಮಿನಿಟು ಸಾಕು" ಎಂದರಂತೆ ಇವರು.

"ಮುಹೂರ್ತ ಮೀರಾಕತ್ತದೋ. ನಿನ್ನ ರಿಂಗಿನ ಪುರಾಣ ಆಮ್ಯಾಲೆ ಹೇಳು."

ಸುತ್ತ ನಿಂತವರು ನಕ್ಕರಂತೆ. ಮುಂದೆ ವಿಚಾರಣೆಯಾದಾಗ ಆ ನಕ್ಕವರಲ್ಲಿ ಒಬ್ಬರಿಗೂ ಏನೂ ನೆನಪಿರಲಿಲ್ಲ.

ಅರ್ಧ ತಾಸಿನಲ್ಲಿ ಯಂತ್ರದೊಳಗೆ ನೀರು ತುಂಬಿತು. ಮೇಲೆತ್ತಿ ತೆರೆದಾಗ ರಬ್ಬರಿನ ಅಡಿಯಲ್ಲಿ ಚೆಂಡು ಹೂವಿನ ಒಂದು ಎಸಳು ಒತ್ತಿಕೊಂಡಿತ್ತು. ಕಂಡವರು ಇಬ್ಬರೇ, ಇವರು ಮತ್ತು ಸಾಹೇಬರು. ಸಾಹೇಬರು ಅದನ್ನು ಎರಡು ಬೆರಳಲ್ಲಿ ಎತ್ತಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ದೇವರ ಹೂವನ್ನು ಕಣ್ಣಿಗೊತ್ತಿಕೊಳ್ಳುವವರನ್ನು ನೋಡಿದ್ದೇನೆ, ಮುಡಿಯುವವರನ್ನು ನೋಡಿದ್ದೇನೆ. ಕದ್ದು ಮುಚ್ಚಿಡುವವರನ್ನು ಆವತ್ತೇ ಕೇಳಿದ್ದು.

ವರದಿಯಲ್ಲಿ ಫಿಟ್ಟರನ ನಿಷ್ಕಾಳಜಿ ಎಂದು ಬರೆದರು. ಇವರದು ಗುತ್ತಿಗೆಯ ನೌಕರಿ, ಒಂದು ಕಪ್ ಚಹಾದ ಬೀಳ್ಕೊಡುಗೆಯೂ ಇಲ್ಲದೆ ಮುಗಿಯಿತು. ನಾನು ಮೇಲಿನ ಮನೆಗೆ ಹೋದೆ. ನೌಕರಿ ತಿರುಗಿ ಕೊಡಿ ಎಂದು ಕೇಳಲಿಲ್ಲ. "ತಪ್ಪು ಅವರದಲ್ಲಂತ ಆಫೀಸಿನ್ಯಾಗ ಒಂದು ಮಾತು ಹೇಳ್ರಿ, ಅಷ್ಟ ಸಾಕು" ಎಂದೆ.

ಸಾಹೇಬರು ಪೇಪರಿನಿಂದ ಕಣ್ಣೆತ್ತಲಿಲ್ಲ. "ದೇವರಿದ್ದಾನ್ರಿ ವೈನಿ, ಎಲ್ಲಾ ನೋಡ್ಕೋತಾನ."

ದೇವರ ಹೆಸರನ್ನು ಅಷ್ಟು ಸೋಮಾರಿಯಾಗಿ ತೆಗೆದ ಇನ್ನೊಬ್ಬರನ್ನು ನಾನು ಕಂಡಿಲ್ಲ.

"ನೋಡ್ಯಾನ್ರಿ. ನಿಮ್ಮ ಜೇಬು ಸುದ್ದಾ ನೋಡ್ಯಾನ" ಎಂದು ಇಳಿದು ಬಂದೆ.

ದೇವರು ನೋಡಿಕೊಂಡದ್ದೂ ನಿಜ. ಬಾರಾಮತಿಯ ಒಂದು ಹಾಲಿನ ಡೇರಿಯಲ್ಲಿ ಇವರಿಗೆ ಕೊಳವೆ ಜೋಡಿಸುವ ಕೆಲಸ ಸಿಕ್ಕಿತು. ವಾರವೆಲ್ಲ ಅಲ್ಲಿ, ರವಿವಾರ ಇಲ್ಲಿ. ಮಗಳ ಓದು ನಿಲ್ಲಲಿಲ್ಲ, ಮನೆ ಬಿಡಬೇಕಾಗಲಿಲ್ಲ, ನನ್ನ ಮಂಡಿಗಳೂ ಆಗಿನ್ನೂ ಗಟ್ಟಿಯಿದ್ದವು. "ಅಲ್ಲಿ ಸೋರಿದ್ರ ಬೆಕ್ಕಿಗಾದ್ರೂ ಪುಣ್ಯ" ಎಂದು ಇವರೇ ನಗೆಯಾಡಿದರು. ಆದರೆ ತಮ್ಮ ಬೆರಳನ್ನು ನಂಬುವುದನ್ನು ಬಿಟ್ಟುಬಿಟ್ಟರು. ಮನೆಯ ನಲ್ಲಿ ಕೂರಿಸಿದರೂ ಮೂರು ಸಲ ಬಿಚ್ಚಿ ನೋಡುವರು. ಉಣ್ಣುತ್ತ ಉಣ್ಣುತ್ತ ಕೈ ನಿಲ್ಲಿಸಿ, "ನಾನೇ ಸರಿಯಾಗಿ ಮುಚ್ಚಿದ್ದಿಲ್ಲೇನೋ..." ಎನ್ನುವರು. ಕಣ್ಣಾರೆ ಎಸಳು ಕಂಡ ಮನುಷ್ಯ! ನೌಕರಿ ಹೋದದ್ದನ್ನು ನಾನು ಕ್ಷಮಿಸಿಯೇನು. ಇದನ್ನು ಕ್ಷಮಿಸಲು ನನ್ನ ಭಕ್ತಿ ಸಾಲದು.

ಸಾಹೇಬರಿಗೆ ಬಡ್ತಿ ಸಿಕ್ಕಿತು. ಕೈಗವಸಿನ ಫೋಟೋಕ್ಕೆ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದರು. ಸೋರಿದ ಯಂತ್ರದ ಫೋಟೋ!

ಹೋದ ತಿಂಗಳು ತೀರಿಕೊಂಡರು. ಹದಿಮೂರನೆಯ ದಿನದ ಊಟಕ್ಕೆ ಕರೆ ಬಂತು. ಇವರು ಈಗ ನಿವೃತ್ತರಾಗಿ ಮನೆಯಲ್ಲೇ ಇದ್ದಾರೆ, ಆದರೆ ಆವತ್ತು ಜ್ವರ. ನಾನೊಬ್ಬಳೇ ಹೋದೆ. ಬಡಿಸುತ್ತ ಬಂದ ಸಾಹೇಬರ ಹೆಂಡತಿ ನನ್ನ ಪಕ್ಕ ಕೂತರು.

"ನಿಮ್ಮವರ ಹೆಸರು ಭಾಳ ತಗೀತಿದ್ರು ನೋಡ್ರಿ. ಅಂಥಾ ಕೈ ಕಂಪನಿಯೊಳಗ ಮತ್ತೊಂದು ಬರಲಿಲ್ಲ, ಪಾಪ, ಅವನ ತಪ್ಪೇನೂ ಇದ್ದಿಲ್ಲ ಅಂತಿದ್ರು. ಮನ್ಯಾಗ ಎಷ್ಟು ಸರ್ತೆ ಹೇಳ್ಯಾರ."

ಮನೆಯಲ್ಲಿ! ಹೆಂಡತಿಯೊಬ್ಬಳ ಮುಂದೆ, ಬಾಗಿಲು ಹಾಕಿಕೊಂಡು. ಅಷ್ಟೂ ವರ್ಷ ಆ ಮಾತು ನಮ್ಮ ತಲೆಯ ಮೇಲೆಯೇ ಓಡಾಡಿದೆ. ಹದಿನೆಂಟು ಮೆಟ್ಟಿಲು ಇಳಿದು ಬರಲಿಲ್ಲ. ಎಲೆಯಲ್ಲಿ ಅನ್ನ ಇನ್ನೂ ಉಳಿದಿತ್ತು. ಸತ್ತವರ ಮನೆಯ ಎಲೆಯಲ್ಲಿ ಬಿಡಬಾರದೆಂದು ನುಂಗಿದೆ.

ಇವರಿಗೆ ಹೇಳಬಾರದು ಎಂದುಕೊಂಡೇ ಇಳಿದೆ, ಒಳಗೆ ಬಂದವಳೇ ಹೇಳಿಬಿಟ್ಟೆ. ಹೊದ್ದಿದ್ದನ್ನು ಸರಿಸಿ ಎದ್ದು ಕೂತರು.

"ತಪ್ಪು ಇದ್ದಿಲ್ಲ ಅಂತ ಅಂದ್ರಂತ?"

"ಹೂಂ."

"ಹೆಂಗಂದ್ರಂತ? ಸರಿಯಾಗಿ ಹೇಳು."

ಮತ್ತೆ ಹೇಳಿದೆ. ಸಾಹೇಬರಿಗೆ ಈಗಲಾದರೂ ಒಂದು ಬೈಗುಳ ಬಿದ್ದೀತೆಂದು ಕಾದೆ. ಇವರು ತಮ್ಮ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ಸ್ನಾನ ಮಾಡಿ ದೀಪ ಹಚ್ಚಿದೆ. ಸತ್ತವರಿಗೆ ಸದ್ಗತಿ ಕೋರಬೇಕು, ಕೋರಲು ನಾಲಿಗೆ ಏಳಲಿಲ್ಲ. ಆ ಮಾತನ್ನು ನಾಲ್ಕು ಜನರ ಮುಂದೆ ಹೇಳಬೇಕಾಗಿದ್ದ ಬಾಯಿ ಬೂದಿಯಾಗಿದೆ. ಇನ್ನು ಅದನ್ನು ಹೇಳುವವರು ಈ ಊರಲ್ಲಿ ಯಾರೂ ಇಲ್ಲ...

"ಏ, ಕೇಳಿಲ್ಲಿ" ಎಂದು ಒಳಗಿನಿಂದ ಇವರು ಕೂಗಿದರು. "ಇನ್ನೊಮ್ಮೆ ಹೇಳು, ಅವರು ಏನಂದ್ರು?"

ಮೂರನೆಯ ಸಲ ಹೇಳಲು ಎದ್ದು ಹೋದೆ.