ಧಮ್ಮಪಾಲ ಮುಟ್ಟದೆ ಬಿಟ್ಟ ಗಾಲಿ

ಧಮ್ಮಪಾಲನನ್ನು ನಾನು ಮೊದಲು ಕಂಡದ್ದು ೨೦೦೮ರ ಜೂನ್ ತಿಂಗಳಲ್ಲಿ. ಆಳಂದದಿಂದ ಅಫಜಲಪುರಕ್ಕೆ ವರ್ಗವಾಗಿ ಬಂದು ನಾಲ್ಕು ದಿನಗಳಾಗಿದ್ದವು. ನನ್ನ ಹಳೆಯ ಸ್ಕೂಟರಿನ ಮುಂದಿನ ಗಾಲಿ ಹೋದಲ್ಲೆಲ್ಲ ಕಿರುಗುಟ್ಟಿ, ಹೊಸ ಮಾಸ್ತರರು ಬಂದರೆಂದು ಊರಿಗೆಲ್ಲ ಸಾರುತ್ತಿತ್ತು. ಅತನೂರ ರಸ್ತೆಯಲ್ಲಿ ತಗಡಿನ ಅಂಗಡಿಯೊಂದಿದೆ, ಅಲ್ಲಿ ತೋರಿಸಿ ಎಂದು ಶಾಲೆಯ ಜವಾನ ಹೇಳಿದ್ದ.

ಅಂಗಡಿಯಲ್ಲಿದ್ದವನಿಗೆ ಮೂವತ್ತರ ಆಸುಪಾಸು. ಗಾಲಿ ಬಿಚ್ಚಿದ. ಒಳಗಿನ ಹಳೆಯ ಗ್ರೀಸನ್ನು ಚಿಟಿಕೆಯಷ್ಟು ತೆಗೆದು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ, ಬೆರಳುಗಳನ್ನು ಮೆಲ್ಲನೆ ಅಗಲಿಸಿದ. ಎಳೆ ಬರಲಿಲ್ಲ. ಮೂಸಿ ನೋಡಿ ಮುಖ ಕಿವುಚಿದ.

“ಸರ್, ಇದಕ್ಕ ಎತ್ತಿನ ಬಂಡಿಗೆ ಹಚ್ಚೋ ಗ್ರೀಸ್ ತುಂಬ್ಯಾರ್ರಿ. ಗಾಡಿಗೆ ಗೊತ್ತಾಗ್ಯದ, ನಿಮಗ ಗೊತ್ತಾಗಿಲ್ಲ,” ಎಂದನು.

ಅಂದಿನಿಂದ ಸಂಜೆ ಶಾಲೆ ಬಿಟ್ಟ ಮೇಲೆ ಅವನ ಅಂಗಡಿಯ ಮುಂದೆ ಕೂರುವುದು ನನಗೆ ರೂಢಿಯಾಯಿತು. ಒಂದು ಹಲಗೆಯ ಮೇಲೆ ನಾಲ್ಕು ಡಬ್ಬಿಗಳಿದ್ದವು. ಗಾಲಿಗೊಂದು, ಬ್ರೇಕಿನ ಕೀಲಿಗೊಂದು, ಪಂಪಿಗೊಂದು, ಬಂಡಿಗೊಂದು. ಎಲ್ಲದಕ್ಕೂ ಒಂದೇ ಗ್ರೀಸು ಹಚ್ಚುವುದೆಂದರೆ ಎಲ್ಲ ಜಡ್ಡಿಗೂ ಒಂದೇ ಗುಳಿಗೆ ಕೊಟ್ಟಂತೆ ಎಂಬುದು ಅವನ ಮಾತು. ಏಳನೆಯ ತರಗತಿಯವರೆಗೆ ಓದಿದ್ದ. ಕನ್ನಡವನ್ನು ಚೆನ್ನಾಗಿ ಓದುತ್ತಿದ್ದ, ಇಂಗ್ಲಿಷು ಬಾರದು. ಹೊಸ ಡಬ್ಬಿ ತಂದಾಗಲೆಲ್ಲ ನನ್ನ ಕೈಗೆ ಕೊಟ್ಟು, ಮೇಲೆ ಬರೆದದ್ದನ್ನು ಓದಿ ಅರ್ಥ ಹೇಳಲು ಕೇಳುತ್ತಿದ್ದ. ನಲವತ್ತು ವರ್ಷ ಪಾಠ ಹೇಳಿದ ನನಗೆ ಅಷ್ಟು ಗಮನವಿಟ್ಟು ಕೇಳಿದ ವಿದ್ಯಾರ್ಥಿಗಳು ಹೆಚ್ಚು ಸಿಕ್ಕಿಲ್ಲ.

ಅವನ ಹೆಂಡತಿ ರಮಾಬಾಯಿ ಜೇವರ್ಗಿಯ ಕಡೆಯವಳು. ಮಧ್ಯಾಹ್ನ ಬುತ್ತಿ ತಂದವಳು ಒಂದು ಗಳಿಗೆ ಕುಳಿತು ಗಂಡನನ್ನು ಕಾಡಿಸಿಯೇ ಹೋಗುವಳು. ಗ್ರೀಸು ಎಷ್ಟು ಬಿಸಿ ತಡೆಯುತ್ತದೆಂದು ನೋಡಲು ಅವನು ಅವಳ ರೊಟ್ಟಿಯ ಹಂಚನ್ನು ಅಂಗಡಿಗೆ ತಂದಿದ್ದನಂತೆ. “ಸರ್, ನಾ ಬೆಲ್ಲದ ಪಾಕ ಎಳಿ ಬಂತೇನು ಅಂತ ನೋಡತೇನಿ, ಇವರು ಗ್ರೀಸ್ ಎಳಿ ನೋಡ್ತಾರ. ಒಂದಿನ ನನ್ನ ಹೋಳಿಗ್ಯಾಗ ಯಾವುದು ಬೀಳತದೋ ಗೊತ್ತಿಲ್ರಿ,” ಎನ್ನುವಳು. ಅವನು ತಲೆ ಎತ್ತದೆ ನಗುತ್ತಿದ್ದ. ಅವರಿಗೆ ಮಕ್ಕಳಿರಲಿಲ್ಲ. ಮಾತಿಗೆ ಕೊರತೆಯಿರಲಿಲ್ಲ.

ಅವನ ಇನ್ನೊಂದು ನಡವಳಿಕೆಯನ್ನು ಇಲ್ಲಿ ಹೇಳಬೇಕು. ಅವರದು ಬೌದ್ಧರ ಮನೆ. ಅಂಗಡಿಯಲ್ಲಿ ಬುದ್ಧನ ಪುಟ್ಟ ಮೂರ್ತಿಯೊಂದೇ ಇತ್ತು. ಗಾಡಿಗಳಿಗೆ ಅವನು ಪೂಜೆ ಮಾಡಿದವನಲ್ಲ. ಆದರೆ ನಮ್ಮ ಕಡೆ ಅಮಾವಾಸ್ಯೆ ಬಂದರೆ ಗಾಡಿ ತೊಳೆದು, ವಿಭೂತಿ ಬಳಿದು, ಗಾಲಿಯ ನಡುವೆ ಕುಂಕುಮವಿಟ್ಟು, ನಿಂಬೆಹಣ್ಣು ಕಟ್ಟದ ಮನೆಯಿಲ್ಲ. ಅಂಥ ಗಾಡಿ ಕೈಗೆ ಬಂದರೆ ಅವನು ಪೂಜೆಯಾದ ಜಾಗವನ್ನು ಬಿಟ್ಟು ಸುತ್ತಲೂ ಒರೆಸುತ್ತಿದ್ದ. ಬಿಚ್ಚಲೇಬೇಕಾದರೆ ಗಾಡಿಯವರನ್ನೇ ಕರೆದು ಕುಂಕುಮ ತೆಗೆಸುತ್ತಿದ್ದ. ಏಕೆಂದು ನಾನೊಮ್ಮೆ ಕೇಳಿದಾಗ, ಅವರವರ ಪೂಜೆ ಅವರದು ಎಂದು ನಕ್ಕ. ನಾನು ಅದನ್ನು ಮರ್ಯಾದೆಯೆಂದು ತಿಳಿದೆ. ಮರ್ಯಾದೆಯೂ ಹೌದು. ಆದರೆ ಏನನ್ನು ಮುಟ್ಟಬಾರದೆಂಬ ಪಾಠವನ್ನು ಅವನ ಹುಟ್ಟೂರಾದ ಅತನೂರು ಯಾವ ಶಾಲೆಯೂ ಇಲ್ಲದೆಯೇ ಅವನಿಗೆ ಕಲಿಸಿತ್ತು. ಆ ಪಾಠ ಅವನ ಕೈಯಲ್ಲಿಯೇ ಕುಳಿತಿತ್ತು.

ಅದೇ ಅತನೂರಿನ ಗುರುಶಾಂತ ಅವನ ಬಾಲ್ಯದ ಗೆಳೆಯ. ಲಿಂಗಾಯತರ ಹುಡುಗ, ಇಪ್ಪತ್ತು ಎಕರೆಯ ಒಕ್ಕಲುತನ. ಇಬ್ಬರೂ ಕೂಡಿ ಈಜಿದವರು, ಕೂಡಿ ಪೆಟ್ಟು ತಿಂದವರು. ಗುರುಶಾಂತನ ತಾಯಿ ನಿಂಬೆವ್ವ ಧಮ್ಮಪಾಲನನ್ನು ಮಗನಂತೆಯೇ ಕಾಣುತ್ತಿದ್ದಳು. ಚಹಾ ಮಾತ್ರ ಹೊರಗಿನ ಕಟ್ಟೆಗೆ ತಂದುಕೊಡುತ್ತಿದ್ದಳು. ಅದು ಕೊಡುವವಳಿಗೂ ಕುಡಿಯುವವನಿಗೂ ರೂಢಿಯಾಗಿ ಹೋಗಿತ್ತು.

ಒಂದು ಬೇಸಿಗೆಯಲ್ಲಿ ಗುರುಶಾಂತ ಸೊಲ್ಲಾಪುರದ ಗುಜರಿಯಿಂದ ಪರದೇಶದ ಹಳೆಯ ಮೋಟಾರ್ ಸೈಕಲ್ಲೊಂದನ್ನು ಲಾರಿಯಲ್ಲಿ ಹೇರಿಕೊಂಡು ಬಂದ. ಬದಿಗೆ ಒಬ್ಬರು ಕೂರುವ ಪೆಟ್ಟಿಗೆ ಜೋಡಿಸಿದ್ದರು. ನಮ್ಮವರು ಅದನ್ನು ತೊಟ್ಟಿಲು ಎಂದರು. ನಿಂಬೆವ್ವನ ಮೊಣಕಾಲು ಕೆಟ್ಟು, ಅವಳು ಗಾಡಿಯ ಹಿಂದೆ ಏರಿ ಕೂರಲಾರಳು. ಅಮಾವಾಸ್ಯೆಗೆ ಸೊನ್ನದ ಹತ್ತಿರ ಭೀಮಾನದಿಯ ಸ್ನಾನ ತಪ್ಪಿತಲ್ಲ ಎಂದು ಕೊರಗುತ್ತಿದ್ದಳು. ಮಗ ಅದಕ್ಕಾಗಿಯೇ ತಂದದ್ದು.

ಆ ಗಾಡಿಗೆ ಚೈನು ಇರಲಿಲ್ಲ. ಎಂಜಿನಿನಿಂದ ಒಂದು ಉಕ್ಕಿನ ದಂಡ ಹಿಂದಕ್ಕೆ ಬಂದು, ಅದರ ತುದಿಯ ಹಲ್ಲುಗಳು ಗಾಲಿಯ ಒಳಗಿನ ಹಲ್ಲುಗಳಲ್ಲಿ ಕೂತು ಗಾಲಿಯನ್ನು ತಿರುಗಿಸಬೇಕು. ಧಮ್ಮಪಾಲ ಎರಡು ವರ್ಷ ಅದರ ಮೇಲೆ ದುಡಿದ. ಕಡೆಗೆ ಉಳಿದದ್ದು ಆ ಹಲ್ಲುಗಳಿಗೆ ಯಾವ ಗ್ರೀಸು ಎಂಬುದೊಂದೇ. ಗಾಲಿಯ ಗ್ರೀಸು ಅಲ್ಲಿ ನಿಲ್ಲದು, ತಿರುಗಿದ ರಭಸಕ್ಕೆ ಹಾರಿ ಬ್ರೇಕಿಗೆ ಬೀಳುತ್ತದೆ. ಹಲ್ಲು ಹಲ್ಲಿನ ಮೇಲೆ ಸದಾ ಒತ್ತುವುದರಿಂದ ತೆಳುವಾದದ್ದು ಹಿಂಡಿ ಹೋಗುತ್ತದೆ. ಮೂರು ಬಗೆಯವನ್ನು ತರಿಸಿ, ಕಬ್ಬಿಣದ ಪಟ್ಟಿಗಳಿಗೆ ಸವರಿ ಸುತ್ತಿಗೆಯಿಂದ ಬಡಿದ. ಹಂಚಿನ ಮೇಲೆ ಕಾಯಿಸಿದ. ಕಲಬುರಗಿಯಿಂದ ತಂದ ಕರಿ ಗ್ರೀಸೊಂದು ಎರಡಕ್ಕೂ ಜಗ್ಗಲಿಲ್ಲ. ಡಬ್ಬಿಯನ್ನು ನನಗೆ ಕೊಟ್ಟು, ಎಷ್ಟು ಭಾರ ತಡೆಯುತ್ತದೆ, ಎಷ್ಟು ಬಿಸಿ ತಡೆಯುತ್ತದೆ ಎಂದು ಕೇಳಿದ. ಆ ಎರಡು ಸಾಲುಗಳನ್ನು ಓದಿ ಹೇಳಿದೆ. ಕೆಳಗೆ ಸಣ್ಣ ಅಕ್ಷರಗಳಲ್ಲಿ ನೀರಿನ ಮಾತೂ ಇತ್ತು. ಅವನು ಕೇಳಲಿಲ್ಲ, ನಾನು ಓದಲಿಲ್ಲ. ಮುಚ್ಚಿದ ಗಾಲಿಯ ಹೊಟ್ಟೆಯೊಳಗೆ ನೀರು ಹೇಗೆ ಹೋದೀತು?

ಗಾಡಿ ನಡೆಯಿತು. ತಿಂಗಳಿಗೊಮ್ಮೆ ನಿಂಬೆವ್ವ ತೊಟ್ಟಿಲಲ್ಲಿ ಕುಳಿತು ನದಿಗೆ ಹೋದಳು. ಅವಳು ಮೀಯುವ ಹೊತ್ತಿಗೆ ಮಗ ಗಾಡಿಯನ್ನು ಗಾಲಿಯ ನಡು ಮುಳುಗುವಷ್ಟು ನೀರಿಗಿಳಿಸಿ, ಎಮ್ಮೆಯ ಮೈ ತೊಳೆದಂತೆ ತೊಳೆದ. ಹೀಗೆ ನಾಲ್ಕು ವರ್ಷ. ಪ್ರತಿ ಸಲವೂ ಹನಿಹನಿ ನೀರು ಒಳಗೆ ಹೋಗಿ, ಕರಿ ಗ್ರೀಸು ತೊಳೆದುಹೋಗುತ್ತಿದ್ದುದು ಯಾರಿಗೂ ಕಾಣಲಿಲ್ಲ.

ನಾಲ್ಕನೆಯ ವರ್ಷದ ಎಳ್ಳಮಾವಾಸ್ಯೆಗೆ ಗುರುಶಾಂತ ಧಮ್ಮಪಾಲನನ್ನೂ ರಮಾಬಾಯಿಯನ್ನೂ ಹೊಲದ ಊಟಕ್ಕೆ ಕರೆದಿದ್ದ. ಬೆಳಿಗ್ಗೆ ಗಾಡಿ ನದಿಯಲ್ಲಿ ಮಿಂದು, ಪೂಜೆ ಮುಗಿಸಿಕೊಂಡು ಹೊಲಕ್ಕೆ ಬಂದಿತ್ತು. ಹೊಲಕ್ಕೆ ಎಡೆಯ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಉಂಡರು. ಊಟವಾದ ಮೇಲೆ ಹಸಿ ಕಡಲೆ ಕೀಳಲೆಂದು ರಮಾಬಾಯಿ ತೊಗರಿಯ ಸಾಲು ದಾಟಿ ಹೋದಳು. ಅಲ್ಲಿ ಹಾವು ಕಚ್ಚಿತು.

ಅಳಲಿಲ್ಲ, ಕೂಗಲಿಲ್ಲ, ಬಂದು ಕಾಲು ತೋರಿಸಿದಳು. ತಾಲೂಕು ಆಸ್ಪತ್ರೆಯಲ್ಲಿ ಮದ್ದಿತ್ತು, ಹೊತ್ತೂ ಇತ್ತು. ಅವಳನ್ನು ತೊಟ್ಟಿಲಲ್ಲಿ ಕೂರಿಸಿ, ಗಂಡ ಹಿಂದೆ ಕುಳಿತು, ಗುರುಶಾಂತ ಗಾಡಿ ಹೊಡೆದ. “ರೊಟ್ಟಿ ಬುಟ್ಟಿ ಹೊಲದಾಗ ಬಿಟ್ಟ ಬಂದೇವಲ್ರಿ,” ಎಂದಳಂತೆ. ಸ್ವಲ್ಪ ಹೊತ್ತಿಗೆ ಅವಳ ರೆಪ್ಪೆಗಳು ಭಾರವಾಗಿ ಇಳಿಯತೊಡಗಿದವು.

ಅಫಜಲಪುರ ಇನ್ನು ನಾಲ್ಕು ಮೈಲಿಯಿರುವಾಗ ಎಂಜಿನು ಒಮ್ಮೆಲೇ ಜೋರಾಗಿ ಕೂಗಿತು. ಕೂಗು ಏರಿತು, ಗಾಡಿ ನಿಂತಿತು. ದಂಡ ಒಳಗೆ ತಿರುಗುತ್ತಿತ್ತು, ಗಾಲಿಯನ್ನು ಹಿಡಿಯಲು ಹಲ್ಲೇ ಉಳಿದಿರಲಿಲ್ಲ.

ಬೇರೆ ಯಾವ ದಿನವಾಗಿದ್ದರೂ ಆ ರಸ್ತೆಯಲ್ಲಿ ಹತ್ತು ಗಾಡಿಗಳು ಸಿಗುತ್ತಿದ್ದವು. ಎಳ್ಳಮಾವಾಸ್ಯೆಯ ಮಧ್ಯಾಹ್ನ ಊರಿಗೆ ಊರೇ ಹೊಲದಲ್ಲಿರುತ್ತದೆ. ಮೋಟಾರ್ ಸೈಕಲ್ ಇದ್ದವರೂ ಅಂದು ಬಂಡಿ ಕಟ್ಟಿಕೊಂಡೇ ಹೋಗುತ್ತಾರೆ. ಆಂಬುಲೆನ್ಸು ಇನ್ನೊಬ್ಬ ರೋಗಿಯೊಡನೆ ಕಲಬುರಗಿಯ ದಾರಿಯಲ್ಲಿತ್ತು. ಧಮ್ಮಪಾಲ ಹೆಂಡತಿಯನ್ನು ಎತ್ತಿಕೊಂಡು ನಡೆದ, ಗುರುಶಾಂತ ಹೊಲಗಳಿಗೆ ಓಡಿದ. ಟ್ರ್ಯಾಕ್ಟರೊಂದು ಸಿಕ್ಕಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು. ಆಸ್ಪತ್ರೆಯ ಬಾಗಿಲಿಗೆ ಬಂದಾಗ ರಮಾಬಾಯಿ ಇರಲಿಲ್ಲ.

ಮೂರನೆಯ ದಿನ ಧಮ್ಮಪಾಲ ಒಬ್ಬನೇ ಕುಳಿತು ಆ ಗಾಲಿ ಬಿಚ್ಚಿದ. ನಾನು ಪಕ್ಕದಲ್ಲಿದ್ದೆ. ಹಲ್ಲುಗಳು ಮುದುಕನ ಒಸಡಿನಂತೆ ನುಣ್ಣಗಾಗಿದ್ದವು. ಒಳಗಿನಿಂದ ಕೆಂಪು ತುಕ್ಕಿನ ಪುಡಿ ಅವನ ಅಂಗೈಯ ಮೇಲೆ ಸುರಿಯಿತು. ಅವನು ಅದನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದ. ಆಮೇಲೆ ಹೇಳಿದ.

ಹಿಂದಿನ ಅಮಾವಾಸ್ಯೆ ಕಳೆದು ನಾಲ್ಕನೆಯ ದಿನಕ್ಕೆ ಗುರುಶಾಂತ ಬ್ರೇಕಿನ ವೈರು ಹಾಕಿಸಲು ಗಾಡಿ ತಂದಿದ್ದ. ಹಿಂದಿನ ಗಾಲಿಯ ನಡುವೆ ಕೆಂಪು ಕಂಡಿತ್ತು.

“ನಿಂಬೆವ್ವ ಯಾವಾಗಲೂ ಮೂರಽ ಬೊಟ್ಟ ಕುಂಕುಮ ಹಚ್ತಾಳ್ರಿ. ಅವತ್ತ ಕೈಬಳಿ ಹಂಗ ಸುತ್ತೂ ಇತ್ತು. ನನಗ ಕಂಡಿತ್ರಿ ಸರ್. ಈ ಸಲ ಜಾಸ್ತಿ ಹಚ್ಯಾಳ ಅಂತ ತಿಳಕೊಂಡು ಬಿಟ್ಟೆ. ಒಂದ್ ಬೆರಳ ಹಚ್ಚಿ ತಿಕ್ಕಿದ್ದರ ತುಕ್ಕು ಅಂತ ಗೊತ್ತಾಗತಿತ್ತು.”

ಹಲ್ಲು ಒಣಗಿ ತೇಯತೊಡಗಿದರೆ ಮೊದಲು ಹೊರಬರುವುದು ಆ ಕೆಂಪು ಪುಡಿಯೇ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದವನು ಆ ಸೀಮೆಯಲ್ಲಿ ಅವನೊಬ್ಬನೇ.

ಅತ್ತ ಗುರುಶಾಂತ ಉಣ್ಣುವುದನ್ನು ಬಿಟ್ಟಿದ್ದ. ನೀರಿಗಿಳಿಸಿದವನು ತಾನು, ಕೊಂದವನೂ ತಾನು ಎನ್ನುತ್ತಿದ್ದನಂತೆ. ಒಂಬತ್ತನೆಯ ದಿನ ಬಂದು ಅಂಗಡಿಯ ಹೊರಗೆ ನಿಂತ. ಧಮ್ಮಪಾಲ ಒಳಗೆ ನಿಂತ. ತಪ್ಪು ತನ್ನದೆಂದು ಇಬ್ಬರೂ ಹಿಡಿದುಕೊಂಡಿದ್ದರು. ಒಬ್ಬರಿಗೊಬ್ಬರು ಬಿಟ್ಟುಕೊಡಲಿಲ್ಲ, ಮುಖ ನೋಡಲಿಲ್ಲ; ಗುರುಶಾಂತ ಹಾಗೆಯೇ ಬಸ್ಸು ಹತ್ತಿದ.

ಮರುವಾರ ನಿಂಬೆವ್ವ ಬಂದಳು. ಆ ಮೊಣಕಾಲಿನಲ್ಲಿ ಬಸ್ಸು ಹೇಗೆ ಹತ್ತಿದಳೋ, ಹೇಗೆ ಇಳಿದಳೋ. ಅಂಗಡಿಯೊಳಗೆ ಬಂದು ಹಳೆಯ ಟಯರಿನ ಮೇಲೆ ಕುಳಿತು ಬಹಳ ಹೊತ್ತು ಅತ್ತಳು. ಗಾಲಿಯ ಕೆಂಪಿನ ಮಾತು ಅವಳ ಕಿವಿಗೂ ಬಿದ್ದಿತ್ತು. ಕಡೆಗೆ ಕೇಳಿದಳು:

“ಒಂದ್ ಬೆರಳ ಹಚ್ಚಿ ನೋಡಿದ್ದರ ನಾ ಏನಂತಿದ್ದೆನಪಾ ನಿನಗ?”

“ನೀ ಏನೂ ಅಂತಿರಲಿಲ್ಲ ಯವ್ವಾ,” ಎಂದನು ಧಮ್ಮಪಾಲ. “ನನ್ನ ಕೈನ ಹೋಗಲಿಲ್ಲ.”

ಅವಳು ಅವನ ಬಲಗೈಯನ್ನು ತೆಗೆದುಕೊಂಡು, ಗ್ರೀಸು ಹತ್ತಿದ್ದ ಅದನ್ನು ತನ್ನ ಸೆರಗಿನಲ್ಲಿ ಒಂದೊಂದೇ ಬೆರಳಾಗಿ ಒರೆಸಿದಳು.

ವರ್ಷ ತುಂಬುವುದರೊಳಗೆ ಧಮ್ಮಪಾಲ ಅಫಜಲಪುರ ಬಿಟ್ಟ. ಈಗ ಜೇವರ್ಗಿಯಲ್ಲಿ ರಮಾಬಾಯಿಯ ಅಣ್ಣನ ಮನೆಯ ಪಕ್ಕದಲ್ಲಿ ಅವನ ಅಂಗಡಿಯಿದೆ. ಯಾವ ಗಾಡಿ ಬಂದರೂ ಮೊದಲು ಕುಂಕುಮ ಒರೆಸುತ್ತೇನೆಂದು ಹೇಳಿ, ಬಿಳಿ ಬಟ್ಟೆಯಿಂದ ಗಾಲಿಯ ನಡುವನ್ನು ತಾನೇ ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಾನೆ. ಕೆಲವರು ಸಿಡುಕುತ್ತಾರೆ; ಇವನ್ಯಾರು ಮುಟ್ಟಲು ಎಂದು ಗಾಡಿ ತಿರುಗಿಸಿಕೊಂಡು ಹೋದವರೂ ಇದ್ದಾರೆ. ಅವನು ಬಟ್ಟೆಯನ್ನು ಮಡಿಸಿಟ್ಟು ಮುಂದಿನ ಗಾಡಿಗೆ ಕಾಯುತ್ತಾನೆ.

ಅತನೂರಿನ ಆ ಗಾಡಿಗೆ ಸೊಲ್ಲಾಪುರದಿಂದ ಹೊಸ ಹಲ್ಲುಗಳನ್ನು ತಂದು ಕೂರಿಸಿದವನು ಅವನೇ. ಅದನ್ನು ಮತ್ತೆ ಯಾರೂ ನಡೆಸಿಲ್ಲ. ಆದರೂ ಪ್ರತಿ ಅಮಾವಾಸ್ಯೆಯ ಮರುದಿನ ಅವನು ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗುತ್ತಾನೆ. ಗಾಡಿ ಈಗ ನಿಂಬೆವ್ವನ ಮನೆಯ ಒಳಗಿನ ಅಂಗಳದಲ್ಲಿದೆ. ಗಾಲಿ ಬಿಚ್ಚಿ, ಒರೆಸಿ, ಹಲ್ಲಿಗೆ ತೆಳ್ಳಗೆ ಹೊಸ ಗ್ರೀಸು ಸವರಿ ಮತ್ತೆ ಕೂರಿಸುತ್ತಾನೆ. ಗುರುಶಾಂತ ನಟ್ಟು ಬಿಚ್ಚುವ ಪಾನಾ ಹಿಡಿದು ಕೈಗೆ ಕೊಡುತ್ತಾನೆ. ನಿಂಬೆವ್ವ ಒಳಗೇ ತಟ್ಟೆಯಿಟ್ಟು ಬಡಿಸುತ್ತಾಳೆ.

ಹೋದ ತಿಂಗಳು ನಾನು ಜೇವರ್ಗಿಗೆ ಹೋಗಿದ್ದೆ. ಧಮ್ಮಪಾಲನ ತಲೆ ಪೂರ್ತಿ ನರೆತಿದೆ. ಕುಶಲ ಕೇಳಿ ಮುಗಿಯುವ ಮೊದಲೇ ಹೊಸ ಡಬ್ಬಿಯೊಂದನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟ. ನೀರಿನದೇನು ಬರೆದಿದ್ದಾರೆ, ಅದನ್ನಷ್ಟೇ ಓದಿರಿ ಎಂದ. ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರಗಳನ್ನು ಹುಡುಕಿದೆ. ಈ ಗ್ರೀಸು ನೀರಿನಲ್ಲಿ ಮುಳುಗಿದರೂ ತೊಳೆದುಹೋಗುವುದಿಲ್ಲ ಎಂದಿತ್ತು. ಓದಿ ಅರ್ಥ ಹೇಳಿದೆ. ಅವನು ಕಣ್ಣು ಮುಚ್ಚಿ ಕೇಳಿದ.

“ಇನ್ನೊಮ್ಮೆ ಓದ್ರಿ ಸರ್,” ಎಂದನು.

ಓದಿದೆ. ಡಬ್ಬಿಯನ್ನು ತೆಗೆದುಕೊಂಡು, ಮುಚ್ಚಳ ಬಿಗಿಮಾಡಿ ಅತನೂರಿಗೆ ಒಯ್ಯುವ ಚೀಲದಲ್ಲಿಟ್ಟ. ಅಮಾವಾಸ್ಯೆಗೆ ಇನ್ನು ಎರಡು ದಿನವಿತ್ತು.