ಕುಸುಬಿ ಪಲ್ಯದ ವಿಲಾಯತಿ ಅತಿಥಿ

ಅಂದು ಬೆಳಿಗ್ಗೆಯೂ ಹುಮನಾಬಾದಿನ ನಮ್ಮ ಅಡುಗೆಮನೆಯಲ್ಲಿ ಎಲ್ಲ ಎಂದಿನಂತೆಯೇ ನಡೆದಿತ್ತು: ನಾನು ರೊಟ್ಟಿ ಬಡಿಯುವುದು, ಅತ್ತೆ ಚಹಾಕ್ಕೆ ಸಕ್ಕರೆ ಸಾಲದೆನ್ನುವುದು, ಮಗಳು ಒಂಟಿ ಸಾಕ್ಸು ಹಿಡಿದು ಇನ್ನೊಂದನ್ನು ಹುಡುಕುವುದು. ಕಿಟಕಿಯಲ್ಲಿಟ್ಟ ಗಾಜಿನ ಭರಣಿ ಮಾತ್ರ ಬೇರೆಯಾಗಿ ಕಂಡಿತು. ಅದರ ಬಾಯಿಗೆ ಕಟ್ಟಿದ ಮಲ್‌ಮಲ್ ಬಟ್ಟೆಗೆ ತಲೆಕೆಳಗಾಗಿ ಜೋತಿದ್ದ ಚಿಟ್ಟೆಯ ಕೋಶ ಕಪ್ಪಿಟ್ಟು, ಒಳಗಿನ ಕಿತ್ತಳೆ ರೆಕ್ಕೆ ಮಸುಕಾಗಿ ಕಾಣುತ್ತಿತ್ತು.

"ಮಮ್ಮಿ, ನಾ ಇವತ್ತ ಸಾಲಿಗಿ ಹೋಗಂಗಿಲ್ಲ. ನಾ ಇಲ್ಲದಾಗ ಹಾರಿ ಹೋದ್ರ?"

"ನೀ ಬರೂತನಕ ಅದು ಕಾಯ್ತದ, ಹೋಗು," ಎಂದು ಹುಳುವಿನ ಪರವಾಗಿ ನಾನೇ ಮಾತು ಕೊಟ್ಟುಬಿಟ್ಟೆ.

ಬಸವಕಲ್ಯಾಣದ ಕಾನ್ವೆಂಟಿನಲ್ಲಿ ನಾನು ಓದಿದ ಪುಸ್ತಕದಲ್ಲಿ ಈ ಚಿಟ್ಟೆ ಯುರೋಪಿನದು. ವಸಂತದಲ್ಲಿ ಕಡಲು ದಾಟಿ ಬಂದು ಮುಳ್ಳುಗಿಡದ ಎಲೆಗೆ ಒಂದೊಂದೇ ಮೊಟ್ಟೆಯಿಡುತ್ತದೆ. ಮರಿಹುಳು ನೂಲು ತೆಗೆದು ಎಲೆ ಮಡಚಿಕೊಂಡು ಒಳಗೆ ಕೂತು ತಿನ್ನುತ್ತದೆ. ಎಲ್ಲ ಬಾಯಿಪಾಠ ಒಪ್ಪಿಸಿದ್ದೆವು. ಆ ಮುಳ್ಳುಗಿಡದ ಬಂಧುವೇ ಆದ, ಎಣ್ಣೆ ತೆಗೆಯುವ ಕುಸುಬಿ ಊರಾಚೆಯ ಹೊಲಗಳ ತುಂಬ ನಿಂತಿತ್ತು. ಚಿಟ್ಟೆ ನಮ್ಮ ಕಡೆಗೂ ಬರುತ್ತದೆಂದು ಪುಸ್ತಕ ಬರೆದವರಿಗೆ ಯಾರೂ ತಿಳಿಸಿರಲಿಲ್ಲವೇನೋ.

ನನಗೆ ತಿಳಿಸಿದ್ದು, ಪಕ್ಕದ ಮನೆಯ ವೈನಿ ತಮ್ಮ ಹೊಲದಿಂದ ತಂದುಕೊಟ್ಟ ಕುಸುಬಿ ಸೊಪ್ಪು. ಸೋಸುವಾಗ ಮಡಚಿದ ಎಲೆಯೊಂದರಲ್ಲಿ ಮುಳ್ಳುಮೈಯ ಕರಿ ಹುಳು ಕೂತಿತ್ತು. ಅಂದಿನಿಂದ ಎಳೆ ಎಲೆ ಅದಕ್ಕೆ, ಬಲಿತದ್ದು ನಮಗೆ. ಮತ್ತೆ ಮತ್ತೆ ಸೊಪ್ಪು ಕೇಳಿದಾಗ, ನಮಗೆ ಪಲ್ಯದ ಹುಚ್ಚು ಹಿಡಿದಿದೆಯೆಂದು ವೈನಿ ಹಿಗ್ಗಿದರು.

"ನನ್ನ ಮಗಗ ಇಷ್ಟು ಕಾಳಜಿಲೆ ಉಣ್ಣಾಕ ಹಾಕಿಲ್ಲ ನೀ," ಎಂದಿದ್ದರು ಅತ್ತೆ.

ಮಧ್ಯಾಹ್ನ ಕೋಶ ಒಡೆಯಿತು. ಮುದುಡಿದ ರೆಕ್ಕೆಯ ಚಿಟ್ಟೆ ಹೊರಬಂದು ಎರಡು ಹನಿ ಕೆಂಪು ನೀರು ಬಿಟ್ಟಿತು.

"ಯವ್ವಾ, ರಕ್ತ! ಅಡಗಿಮನ್ಯಾಗ ಹೆರಿಗಿ ಮಾಡಸಾಕತ್ತಿಯೇನ?"

"ರಕ್ತ ಅಲ್ಲರಿ ಅತ್ತಿ. ರೆಕ್ಕಿ ಒಣಗಬೇಕು."

"ಹಂಗಾರ ಬಾಣಂತಿಗಿ ಅಳವಿ ಪಾಯಸಾ ಮಾಡು!"

ಬೈಯುತ್ತಲೇ, ಒಲೆಯ ಹಬೆ ತಾಗದಂತೆ ಭರಣಿಯನ್ನು ಸರಿಸಿದವರೂ ಅವರೇ. ರೆಕ್ಕೆ ಒಣಗಿದ ಚಿಟ್ಟೆ ಪಟಪಟ ಬಡಿದುಕೊಳ್ಳತೊಡಗಿದಾಗ, ಸುಮ್ಮನೆ ಕೂರಲೆಂದು ನಾನು ಭರಣಿಗೆ ಓಢಣಿ ಮುಚ್ಚಿ ಕತ್ತಲು ಮಾಡಿದೆ.

ಸಂಜೆ ಮಗಳು ಬೂಟು ಬಿಚ್ಚದೆ ಭರಣಿ ಹಿಡಿದು ಮಾಳಿಗೆ ಹತ್ತಿದಳು. ಚಿಟ್ಟೆ ಅವಳ ಬೆರಳ ಮೇಲೆ ತುಸು ಹೊತ್ತು ಕೂತು, ಮಾಣಿಕನಗರದ ಕಡೆ, ವೈನಿಯ ಹೊಲವಿರುವ ದಿಕ್ಕಿಗೇ ಹಾರಿತು.

"ಅದು ತನ್ನ ಮನಿಗೇ ಹೊಂಟದ, ಮಮ್ಮಿ!"

ಪಕ್ಕದ ಮಾಳಿಗೆಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದ ವೈನಿ ತಲೆಯೆತ್ತಲಿಲ್ಲ.

"ಪಲ್ಯ ಬೇಕಾಗಿದ್ರ ಈಗೇ ಹೇಳ್ರಿ," ಎಂದರು. "ನಾಳಿ ಕುಸುಬಿಗಿ ಔಷಧ ಹೊಡೀತೇವಿ. ಹಾಳಾದ ಹುಳಾ, ಎಲ್ಲಿಂದ ಬರ್ತಾವೋ ಏನೋ."