ಭೀಮಾ ದಂಡೆಯ ಮೂರನೇ ಪದರ

ಇದನ್ನು ನಂಬಿ ಎಂದು ನಾನು ಕೇಳುವುದಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವನು ನಾನೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತಿನಲ್ಲಿ ತೂತು ಹುಡುಕಿ ಹುಡುಕಿ ಗೆದ್ದವನು. ಈ ಘಟನೆಯಲ್ಲೂ ತೂತು ಹುಡುಕುತ್ತಲೇ ಇದ್ದೇನೆ... ಸಿಕ್ಕಿಲ್ಲ. ನಡೆದದ್ದು ನಡೆದ ಹಾಗೆಯೇ ಬರೆಯುತ್ತೇನೆ, ನನ್ನ ಮರ್ಯಾದೆ ಹೋಗುವ ಭಾಗವನ್ನೂ ಸೇರಿಸಿ.

ಎಂಬತ್ತರ ದಶಕದ ಒಂದು ಬೇಸಿಗೆ. ಜೇವರ್ಗಿ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಯಲ್ಲಿ ಉತ್ಖನನ ನಡೆದಿತ್ತು. ಆಗಷ್ಟೇ ಎಂ.ಎ. ಮುಗಿಸಿದ್ದ ನನಗೆ ಒಂದು ಗುಂಡಿಯ ಉಸ್ತುವಾರಿ ಕೊಟ್ಟಿದ್ದರು. ಮೇಲೆ ಕರಿ ಎರೆಮಣ್ಣು, ಅದರ ಕೆಳಗೆ ಹೊಳೆ ತಂದು ಹಾಸಿದ ಹಳದಿ ಮಣ್ಣು, ಅದರ ಕೆಳಗೆ ಮೂರನೇ ಪದರ: ಬೂದಿ, ಸುಟ್ಟ ಎಲುಬು, ಚಕಮಕಿ ಕಲ್ಲಿನ ಚಕ್ಕೆಗಳು. ಕಬ್ಬಿಣ ಕಾಣದ ಜನ ಸಾವಿರಾರು ವರ್ಷಗಳ ಹಿಂದೆ ಇಲ್ಲಿ ಬೀಡುಬಿಟ್ಟು, ಕಲ್ಲೊಡೆದು ಹತಾರ ಮಾಡಿಕೊಂಡು, ಎದ್ದು ಹೋಗಿದ್ದರು.

ಗುಂಡಿಯ ಕೆಲಸಕ್ಕೂ ರಾತ್ರಿ ಕಾವಲಿಗೂ ಇದ್ದವನು ಸಾಯಬಣ್ಣ ಮುತ್ಯಾ. ಊರ ಬೀಸುಕಲ್ಲುಗಳಿಗೆಲ್ಲ ಉಳಿಯಿಂದ ಕಚ್ಚು ಹಾಕಿಕೊಡುವ ಮುದುಕ. ಕರಣೆ ತಾಗಿದ ಸದ್ದಿನಿಂದಲೇ, ಮಣ್ಣೊಳಗೆ ಇರುವುದು ಒಡೆದ ಕಲ್ಲೋ ಬರೀ ಹರಳೋ ಎಂದು ಹೇಳುತ್ತಿದ್ದ.

ಮೂರು ದಿನದಿಂದ ಅವನದು ಒಂದೇ ಮಾತು: ಕತ್ತಲಾದ ಮೇಲೆ ಗುಂಡಿಯೊಳಗೆ ಯಾರೋ ಕಲ್ಲು ಒಡೆಯುತ್ತಾರೆ. ಹೆಣ್ಣಾಳುಗಳು ಕೆಳಗಿಳಿಯಲು ಹಿಂಜರಿಯತೊಡಗಿದರು. ನಾನು ಎಲ್ಲರನ್ನೂ ಕೂರಿಸಿ ಭಾಷಣ ಬಿಗಿದೆ.

"ಹೊಳಿ ಆಕಡಿ ಯಾರೋ ಕಲ್ಲ ಒಡಿತಾರ, ನೀರಿನ ಮ್ಯಾಲ ಸಪ್ಪಳ ಬರತದ. ಇವತ್ತ ರಾತ್ರಿ ನಾನೇ ಕೂಡತೇನಿ. ಏನೂ ಇಲ್ಲಂತ ನಾಳೆ ನಿಮ್ಮೆಲ್ಲರ ಮುಂದ ಹೇಳತೇನಿ."

"ಕೂಡ್ರಿ ಸರ, ಕೂಡ್ರಿ," ಎಂದಳು ಬುಟ್ಟಿ ಹೊರುವ ನಿಂಗಮ್ಮ. "ನಿಮ್ಮ ಬಾಯಿ ಕೇಳಿದ್ರ ದೆವ್ವಾನೇ ಊರ ಬಿಟ್ಟು ಓಡತದ!"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮರುದಿನ ಬೆಳಿಗ್ಗೆ ಫೋಟೊ ತೆಗೆಯುವುದಿತ್ತು. ಅದಕ್ಕೆ ಸಂಜೆಯೇ ಗುಂಡಿಯ ನೆಲವನ್ನು ಬ್ರಷ್ಷಿನಿಂದ ಗುಡಿಸಿ, ನೀರು ಚಿಮುಕಿಸಿ ಬಿಟ್ಟಿದ್ದೆವು. ಆಮೇಲೆ ಯಾರೂ ಕಾಲಿಡುವಂತಿಲ್ಲ. ಏಣಿಯನ್ನು ನಾನೇ ಮೇಲೆಳೆದೆ.

ಉಂಡು ಬಂದು ಗುಂಡಿಯ ಅಂಚಿಗೆ ಗೋಣಿತಟ್ಟು ಹಾಸಿ, ಮುತ್ಯಾ ಮತ್ತು ನಾನು ಭುಜಕ್ಕೆ ಭುಜ ತಾಗಿಸಿ ಕೂತೆವು. ಕಂದೀಲನ್ನೂ ನಾನೇ ಆರಿಸಿದೆ. ಬೆಳಕಿತ್ತು, ಅದಕ್ಕೇ ಬರಲಿಲ್ಲ ಎಂದು ನಾಳೆ ಯಾರೂ ನೆಪ ಹೇಳಬಾರದು!

ಊರಲ್ಲಿ ರೊಟ್ಟಿ ಬಡಿಯುವ ಸದ್ದು ಇನ್ನೂ ಕೇಳುತ್ತಿತ್ತು. ಒಂದೊಂದೇ ಮನೆಯದು ನಿಲ್ಲುತ್ತ ಬಂತು. ಹಸಿ ಮಣ್ಣಿನ ವಾಸನೆ... ನೀರಿನ ಸಣ್ಣ ಸದ್ದು...

ಟಕ್.

ಹೊಳೆಯಾಚೆಯಿಂದಲ್ಲ. ನನ್ನ ಕಾಲ ಕೆಳಗಿನಿಂದ.

ಟಕ್... ಟಕ್... ಹಿಂದೆಯೇ ತೆಳು ಚಕ್ಕೆ ಉದುರಿದ ಸದ್ದು. ಹೊಸದಾಗಿ ಒಡೆದ ಕಲ್ಲಿನ ವಾಸನೆ ಮೇಲೆ ಬಂತು, ಕೂದಲು ಸುಟ್ಟಂತೆ. ಒಂದು ಏಟು ಚೊಕ್ಕ. ಅದರ ಹಿಂದಿನದು ಮೊಂಡು, ಜಾರಿದ ಹಾಗೆ. ಸ್ವಲ್ಪ ತಡೆದು, ಮತ್ತೆ ಅದೇ ಚೊಕ್ಕ ಏಟು... ನಿಧಾನವಾಗಿ, ತೋರಿಸಿಕೊಡುವಂತೆ.

"ಬ್ಯಾಟರಿ ಹಾಕ್ರಿ ಸರ," ಮುತ್ಯಾ ಪಿಸುಗುಟ್ಟಿದ.

ಬ್ಯಾಟರಿ ನನ್ನ ತೊಡೆಯ ಮೇಲೇ ಇತ್ತು. ಹಾಕಲಿಲ್ಲ.

"ಇಬ್ಬರು ಅದಾರ್ರಿ. ಒಬ್ಬ ಬಲ್ಲವ. ಇನ್ನೊಬ್ಬ ಕಲಿಯಾಕತ್ತಾನ."

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ಮುತ್ಯಾ ಕಂದೀಲು ಹಚ್ಚುವಷ್ಟರಲ್ಲಿ ಎಲ್ಲ ನಿಂತಿತ್ತು. ಬೆಳಗಾಗುವವರೆಗೆ ಇಬ್ಬರೂ ಕೆಳಗೆ ಬಗ್ಗಿ ನೋಡಲಿಲ್ಲ.

ಬೆಳಿಗ್ಗೆ ಗುಡಿಸಿದ ನೆಲದ ತುಂಬ ಚಕ್ಕೆಗಳು. ಹೆಜ್ಜೆಗುರುತು ಒಂದೂ ಇಲ್ಲ. ಕೆಲವು ಚಕ್ಕೆ ಎಲೆಯಷ್ಟು ತೆಳು, ಕೆಲವು ಅಂಚು ಜಜ್ಜಿದವು. ಆ ರಾಶಿಯ ನಡುವೆ ಎದುರುಬದುರಾಗಿ ಎರಡು ಖಾಲಿ ಜಾಗ, ಮನುಷ್ಯ ಕೂತರೆ ಹಿಡಿಯುವಷ್ಟೇ ಅಗಲ.

ಫೋಟೊಕ್ಕೆಂದು ಬಂದ ಉತ್ಖನನದ ನಿರ್ದೇಶಕರು ಒಂದು ಚಕ್ಕೆಯನ್ನು ಬಿಸಿಲಿಗೆ ಹಿಡಿದರು. "ಹೊಸ ಒಡೆತ. ಇಡೀ ಪದರ ಹಾಳಾಯಿತು. ಈ ಊರಲ್ಲಿ ಹೀಗೆ ಕಲ್ಲು ಒಡೆಯಬಲ್ಲವನು ಒಬ್ಬನೇ. ದೆವ್ವದ ಕತೆ ನಿಜ ಮಾಡೋಕೆ ಮೇಲಿಂದ ಎಸೆದಿದ್ದೀಯ, ಅಲ್ವಾ ಮುದುಕಾ?"

"ಅಲ್ರಿ ಸಾಹೇಬ್ರ! ಸರ ನನ್ನ ಬಾಜೂಕೇ ಕುಂತಿದ್ರು. ಅವರಿಗೇ ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಹೇಳಬೇಕಾದದ್ದು ಒಂದೇ ಮಾತು: ಇವನು ಏಳಲಿಲ್ಲ, ಸದ್ದು ನಾನೂ ಕೇಳಿದೆ. ನಿಂಗಮ್ಮ ಬುಟ್ಟಿ ಹಿಡಿದು ನಿಂತಿದ್ದಳು. ತಲೆಯೊಳಗೆ ಅಭ್ಯಾಸದಂತೆ ಎರಡು ಪಕ್ಷಗಳು ಎದ್ದು ನಿಂತವು. ಗೆಲ್ಲುವ ಪಕ್ಷವನ್ನು ಆರಿಸಿಕೊಂಡೆ.

"ನನಗೆ ನಡುವೆ ನಿದ್ದೆ ಹತ್ತಿತ್ತು ಸರ್. ಏನೂ ಕೇಳಲಿಲ್ಲ."

ಮುತ್ಯಾ ಕರಣೆಯನ್ನು ಧೋತರದ ಚುಂಗಿಗೆ ಒರೆಸಿ, ನನ್ನ ಕಾಲ ಬಳಿ ಇಟ್ಟು, ಹೋದ. ಅವತ್ತಿನಿಂದ ಊರಲ್ಲಿ ಅವನು ಮೋಸಗಾರ. ಬೀಸುಕಲ್ಲು ತರುವ ಹೆಂಗಸರೂ ಪಕ್ಕದೂರಿನವರ ಮನೆ ಹುಡುಕಿಕೊಂಡರಂತೆ.

ಶಿಬಿರ ಎತ್ತುವ ದಿನ ಅವನ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂರಿಸಿದ.

"ತಪ್ಪಾತು ಮುತ್ಯಾ. ನಾನೂ ಕೇಳಿದ್ದೆ."

"ಗೊತ್ತದ ಬಿಡ್ರಿ. ಕೆಲಸ ಹೋದದ್ದಕ್ಕ ಸಿಟ್ಟಿಲ್ಲ. ಇಬ್ಬರು ಅದಾರ ಅಂತ ನಾ ಅಂದಕೂಡ್ಲೇ ನೀವು ನನ್ನ ಕೈ ಹಿಡಕೊಂಡಿರಿ. ಸಪ್ಪಳ ನಿಲ್ಲೂತನಕ ಬಿಡಲಿಲ್ಲ. ಹಂಗ ಹಿಡಕೊಂಡವರು ಮುಂಜಾನಿ ಹಿಂಗ ಅಂದ್ರಲ್ಲ... ಅದೊಂದು ಚುಚ್ಚತದ್ರಿ." ಆಮೇಲೆ ಸಣ್ಣಗೆ ನಕ್ಕ. "ಅಂಗೈ ಏನ್ ಗಡುಸರಿ ನಿಮ್ಮದು! ಓದಿದವರ ಕೈ ಹಿಂಗೂ ಇರತಾವೇನು ಅನಕೊಂಡೆ."

ಆ ರಾತ್ರಿ ‘ಇಬ್ಬರು ಅದಾರ’ ಎಂಬ ಅವನ ಮಾತು ಕಿವಿಗೆ ಬಿದ್ದ ಕ್ಷಣದಿಂದ ಕಂದೀಲು ಹತ್ತುವವರೆಗೆ, ನಾನು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಕೂತಿದ್ದೆ.

ಒಳಗಿನಿಂದ ಚಹಾ ಬಂತು. ಮುತ್ಯಾ ತಾನೇ ಕಪ್ಪು ನನ್ನ ಕಡೆ ಚಾಚಿದ. ತೆಗೆದುಕೊಳ್ಳಬೇಕೆಂದರೆ, ಪೆನ್ನು ಹಿಡಿದೇ ಬೆಳೆದ ನನ್ನ ಮೆತ್ತನೆಯ ಅಂಗೈ ಅವನಿಗೆ ತಾಗುತ್ತಿತ್ತು.

"ಚಹಾ ಬಿಟ್ಟೇನಿ ಮುತ್ಯಾ," ಎಂದು ಮತ್ತೊಂದು ಸುಳ್ಳು ಹೇಳಿ, ಕೈಗಳನ್ನು ಜೇಬಿನಿಂದ ತೆಗೆಯದೆಯೇ ಎದ್ದುಬಂದೆ.